ಇಬ್ಬರ ಮನೆ, ಒಬ್ಬರ ಪತ್ತು

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ನಮ್ಮ ಊರುಗಳ ಕಿರಾಣಿ ಅಂಗಡಿಗಳಲ್ಲಿ ನೋಡದವರು ವಿರಳ. ಫಲಕ ಏನೇ ಹೇಳಲಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ರಿ ಪುಸ್ತಕವೊಂದು ಇದ್ದೇ ಇರುತ್ತದೆ. ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದು ಅಂಗಡಿಯವರಿಗೆ ಬಾಯಿಪಾಠ. ಗಿರಾಕಿಯ ಮನೆತನ ಯಾವುದು, ಈ ಸಲ ಬೆಳೆ ಹೇಗಿದೆ, ಮಗಳ ಮದುವೆಗೆ ಎಷ್ಟು ಖರ್ಚಾಯಿತು ಎಂಬುದೆಲ್ಲ ಅವರಿಗೆ ಗೊತ್ತು. ಸಾಲ ಕೊಡಬಹುದೆಂಬ ಈ ನಂಬಿಕೆಗೆ ಕನ್ನಡದಲ್ಲಿ ‘ಪತ್ತು’ ಎಂಬ ಅಚ್ಚುಕಟ್ಟಾದ ಮಾತಿದೆ. ಹಳ್ಳಿಹಳ್ಳಿಗಳ ಕೃಷಿ ಪತ್ತಿನ ಸಹಕಾರ ಸಂಘದ ಫಲಕಗಳಲ್ಲಿ ಅದು ಇಂದಿಗೂ ಉಳಿದಿದೆ.

ಆದರೆ ಯಾರಿಗೆ ಯಾರೂ ಗೊತ್ತಿಲ್ಲದ ಮಹಾನಗರದಲ್ಲಿ ಒಬ್ಬನ ಪತ್ತನ್ನು ಅಳೆಯುವವರು ಯಾರು? ಅಮೆರಿಕ ಈ ಪ್ರಶ್ನೆಗೆ ಮೂರಂಕಿಯ ಉತ್ತರವೊಂದನ್ನು ಕಂಡುಕೊಂಡಿತು. ಅದೇ ‘ಕ್ರೆಡಿಟ್ ಸ್ಕೋರ್’. ಸಾಲ ಕೊಡುವವರಿಗಾಗಿ ಹುಟ್ಟಿದ ಈ ಸಂಖ್ಯೆ ಈಗ ಬಾಡಿಗೆ ಮನೆಯ ಬಾಗಿಲಲ್ಲೂ ನಿಂತಿದೆ. ಸಂಖ್ಯೆ ಚೆನ್ನಾಗಿಲ್ಲದವರು ಚೆನ್ನಾಗಿರುವ ಒಬ್ಬ ರೂಮ್‌ಮೇಟ್‌ನ ಜೊತೆ ಸೇರಿ ಮನೆ ಹಿಡಿಯುವುದು ಅಲ್ಲಿ ಸಾಮಾನ್ಯ ಸಂಗತಿ. ಬಾಡಿಗೆ ಅರ್ಧವಾಗುತ್ತದೆ ಎಂಬುದಷ್ಟೇ ಅದರ ಕಾರಣವಲ್ಲ. ಒಬ್ಬರ ಪತ್ತಿನ ನೆರಳಿನಲ್ಲಿ ಇನ್ನೊಬ್ಬರು ನಿಲ್ಲುವ ಏರ್ಪಾಡು ಅದು.

ರೇಷ್ಮೆ ವ್ಯಾಪಾರಿಯ ಕಡತ

ಈ ಕಥೆ ಆರಂಭವಾಗುವುದು ಒಂದು ದಿವಾಳಿಯಿಂದ. 1837ರಲ್ಲಿ ಅಮೆರಿಕದಲ್ಲಿ ಭಾರಿ ಹಣಕಾಸಿನ ಬಿಕ್ಕಟ್ಟು ತಲೆದೋರಿತು. ನ್ಯೂಯಾರ್ಕ್‌ನಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಟ್ಯಾಪನ್ ಸಹೋದರರು ದೂರದೂರದ ಅಂಗಡಿಗಳಿಗೆ ಉದ್ರಿ ಕೊಟ್ಟು ಕೈಸುಟ್ಟುಕೊಂಡವರಲ್ಲಿ ಸೇರಿದ್ದರು. ಗುಲಾಮಗಿರಿಯ ವಿರುದ್ಧದ ಹೋರಾಟದಲ್ಲೂ ಹೆಸರು ಮಾಡಿದ್ದ ಲೂಯಿಸ್ ಟ್ಯಾಪನ್, ಈ ಪೆಟ್ಟಿನಿಂದಲೇ ಹೊಸ ಉದ್ಯಮವೊಂದನ್ನು ಕಟ್ಟಿದ. 1841ರಲ್ಲಿ ಆತ ತೆರೆದ ಮರ್ಕಂಟೈಲ್ ಏಜೆನ್ಸಿ, ಊರೂರಿನ ವಕೀಲರಿಂದ ಅಲ್ಲಿಯ ವ್ಯಾಪಾರಿಗಳ ಬಗ್ಗೆ ವರದಿ ತರಿಸಿ ದೊಡ್ಡ ದೊಡ್ಡ ಕಡತಗಳಲ್ಲಿ ಬರೆಸಿಡುತ್ತಿತ್ತು. ಹೀಗೆ ವರದಿ ಕಳುಹಿಸುತ್ತಿದ್ದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಕೂಡ ಒಬ್ಬ. ಅಂಗಡಿಯವನ ಮನಸ್ಸಿನಲ್ಲಿದ್ದ ಲೆಕ್ಕ ಮೊದಲ ಬಾರಿಗೆ ಮಾರಾಟದ ಸರಕಾಯಿತು.

ಅದು ವ್ಯಾಪಾರಿಗಳ ಮಾತು. ಸಾಮಾನ್ಯ ಗಿರಾಕಿಗಳ ಸರದಿ ಬಂದದ್ದು ಆ ಶತಮಾನದ ಕೊನೆಗೆ. 1899ರಲ್ಲಿ ಅಟ್ಲಾಂಟದಲ್ಲಿ ವೂಲ್‌ಫರ್ಡ್ ಸಹೋದರರು ರಿಟೇಲ್ ಕ್ರೆಡಿಟ್ ಕಂಪೆನಿಯನ್ನು ಸ್ಥಾಪಿಸಿದರು. ಯಾರು ಬೇಗ ಹಣ ತೀರಿಸುತ್ತಾರೆ, ಯಾರು ನಿಧಾನ, ಯಾರಿಗೆ ನಗದು ಮಾತ್ರ ಎಂದು ಪಟ್ಟಿ ಮಾಡಿ ಅಂಗಡಿಗಳಿಗೆ ಮಾರುವುದು ಅದರ ಕಸುಬು. ಕ್ರಮೇಣ ಪಟ್ಟಿಯೊಳಗೆ ಹಣಕ್ಕೆ ಸಂಬಂಧವಿಲ್ಲದ ವಿಷಯಗಳೂ ನುಸುಳಿದವು. ಆಸಾಮಿ ಕುಡಿಯುತ್ತಾನೆಯೇ, ಗಂಡ ಹೆಂಡತಿ ಹೇಗಿದ್ದಾರೆ ಎಂಬ ನೆರೆಹೊರೆಯವರ ಮಾತುಗಳೆಲ್ಲ ಕಡತ ಸೇರಿದವು. ಇದರ ವಿರುದ್ಧ ಎದ್ದ ಕೂಗಿನ ಫಲವಾಗಿ 1970ರಲ್ಲಿ ಅಲ್ಲಿನ ಸಂಸತ್ತು ನ್ಯಾಯಯುತ ಪತ್ತು ವರದಿ ಕಾಯಿದೆಯನ್ನು ಅಂಗೀಕರಿಸಿತು. ತನ್ನ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ಪ್ರಜೆಗೆ ದೊರೆತದ್ದು ಆಗ. ಕೆಲ ವರ್ಷಗಳ ಬಳಿಕ ಆ ಕಂಪೆನಿ ಹೆಸರು ಬದಲಿಸಿಕೊಂಡು ಈಕ್ವಿಫ್ಯಾಕ್ಸ್ ಆಯಿತು. ಇಂದು ಅಮೆರಿಕದ ಮೂರು ದೊಡ್ಡ ಪತ್ತು ಸಂಸ್ಥೆಗಳಲ್ಲಿ ಅದೂ ಒಂದು.

ಮೂರಂಕಿಯ ತೀರ್ಪು

ಕಡತವನ್ನು ಸಂಖ್ಯೆಯಾಗಿ ಕರಗಿಸಿದವರು ಬಿಲ್ ಫೇರ್ ಎಂಬ ಎಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ. 1956ರಲ್ಲಿ ಅವರು ಕಟ್ಟಿದ ಕಂಪೆನಿ 1989ರಲ್ಲಿ ‘ಫೈಕೊ’ ಸ್ಕೋರನ್ನು ಹೊರತಂದಿತು. ಅದು 300ರಿಂದ 850ರವರೆಗೆ ಹರಡಿಕೊಂಡಿದೆ. 670ರ ಮೇಲಿದ್ದರೆ ಒಳ್ಳೆಯದು, 580ಕ್ಕಿಂತ ಕೆಳಗಿದ್ದರೆ ಕಳಪೆ ಎಂದು ಲೆಕ್ಕ. ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸಿದ್ದಕ್ಕೆ ನೂರಕ್ಕೆ 35, ಈಗ ಇರುವ ಸಾಲದ ಹೊರೆಗೆ 30, ಸಾಲದ ಇತಿಹಾಸದ ಉದ್ದಕ್ಕೆ 15, ಉಳಿದದ್ದು ಹೊಸ ಸಾಲ ಮತ್ತು ಸಾಲದ ಬಗೆಗಳಿಗೆ. ತಪ್ಪಿದ ಕಂತಿನ ಕಲೆ ವರದಿಯಲ್ಲಿ 7 ವರ್ಷ ಉಳಿಯುತ್ತದೆ. ದಿವಾಳಿಯ ಕಲೆ 10 ವರ್ಷದವರೆಗೂ ಉಳಿಯಬಹುದು.

ಇಲ್ಲೊಂದು ವಿಚಿತ್ರವಿದೆ. ಒಬ್ಬಾತ ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ಬಾಡಿಗೆ ಕಟ್ಟಿದ್ದರೂ ಅದು ತಾನಾಗಿ ವರದಿಯನ್ನು ಸೇರುವುದಿಲ್ಲ. ಮಾಲೀಕರೋ ಮಧ್ಯದ ಯಾವುದಾದರೂ ಸಂಸ್ಥೆಯೋ ತಿಳಿಸಿದರೆ ಮಾತ್ರ ಸೇರುತ್ತದೆ. ಆದರೆ ಬಾಡಿಗೆ ಬಾಕಿ ಉಳಿದು ವಸೂಲಿಗಾರರ ಕೈಗೆ ಹೋದರೆ ಆ ಸುದ್ದಿ ಬೇಗ ಅಲ್ಲಿಗೆ ಮುಟ್ಟುತ್ತದೆ. ಹೀಗಾಗಿ ಬಾಡಿಗೆಯನ್ನು ಎಂದೂ ತಪ್ಪಿಸದವರಿಗೂ ಹಳೆಯ ಕ್ರೆಡಿಟ್ ಕಾರ್ಡಿನ ಸಾಲದಿಂದಾಗಿ ಮನೆ ಸಿಗದೆ ಹೋಗಬಹುದು. ಕರ್ನಾಟಕದಿಂದ ಓದಲು ಹೋದ ವಿದ್ಯಾರ್ಥಿಯ ಕಷ್ಟ ಬೇರೆ ಬಗೆಯದು. ಅವರ ಪತ್ತು ಕೆಟ್ಟದ್ದಲ್ಲ, ಇನ್ನೂ ಹುಟ್ಟೇ ಇಲ್ಲ. ಊರಿನಲ್ಲಿ ತಂದೆಗೆ ಎಷ್ಟೇ ಹೆಸರಿರಲಿ, ಆ ಹೆಸರು ವಿಮಾನ ಹತ್ತುವುದಿಲ್ಲ. ಮೊದಲೇ ಹೋಗಿ ನೆಲೆಸಿದ ಹಿರಿಯ ವಿದ್ಯಾರ್ಥಿಗಳ ಮನೆಯಲ್ಲಿ ಒಬ್ಬರಾಗಿ ಸೇರಿಕೊಳ್ಳುವುದೇ ಬಹಳ ಮಂದಿಗೆ ಮೊದಲ ದಾರಿ.

ಬಾಗಿಲು ತೆರೆಯುವ ಬಗೆಗಳು

ಇಬ್ಬರು ಸೇರಿ ಮನೆ ಹಿಡಿಯುವಾಗ ಮುಖ್ಯವಾಗಿ ಎರಡು ದಾರಿಗಳಿವೆ. ಇಬ್ಬರೂ ಬಾಡಿಗೆ ಕರಾರಿಗೆ ಸಹಿ ಹಾಕುವುದು ಒಂದು. ಆಗ ಸಾಮಾನ್ಯವಾಗಿ ಇಬ್ಬರ ವರದಿಯನ್ನೂ ತರಿಸುತ್ತಾರೆ. ಕೆಲವು ಮಾಲೀಕರು ಇಬ್ಬರ ಆದಾಯವನ್ನು ಕೂಡಿಸಿ ನೋಡಿ ಸುಮ್ಮನಾಗುತ್ತಾರೆ. ಕೆಲವರು ಕಡಿಮೆ ಇರುವ ಸಂಖ್ಯೆಯನ್ನೇ ಹಿಡಿದು ಕೂರುತ್ತಾರೆ. ಇನ್ನೊಂದು ದಾರಿಯಲ್ಲಿ ಒಳ್ಳೆಯ ಪತ್ತಿನವರು ಮಾತ್ರ ಸಹಿ ಹಾಕುತ್ತಾರೆ, ಇನ್ನೊಬ್ಬರು ಮಾಲೀಕರಿಗೆ ತಿಳಿಸಿ ಜೊತೆಗೆ ವಾಸಿಸುತ್ತಾರೆ.

ಈ ಎರಡನೆಯ ದಾರಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನಿನ ಬೆಂಬಲವೇ ಇದೆ. ಮದುವೆಯಾಗದೆ ಒಬ್ಬ ಪುರುಷನೊಂದಿಗೆ ವಾಸಿಸುತ್ತಿದ್ದ ಬಾಡಿಗೆದಾರಳನ್ನು ಹೊರಹಾಕಲು ಮಾಲೀಕರು ಮೊಕದ್ದಮೆ ಹೂಡಿದರು. ಕುಟುಂಬದವರಷ್ಟೇ ಇರಬೇಕೆಂಬ ಕರಾರನ್ನು ರಾಜ್ಯದ ಅತ್ಯುಚ್ಚ ನ್ಯಾಯಾಲಯ 1983ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಅಲ್ಲಿನ ಶಾಸನಸಭೆ ಹೊಸ ಕಾನೂನೊಂದನ್ನು ತಂದು ಅದಕ್ಕೆ ಉತ್ತರ ಕೊಟ್ಟಿತು. ‘ರೂಮ್‌ಮೇಟ್ ಕಾನೂನು’ ಎಂದೇ ಅದು ಪ್ರಸಿದ್ಧ. ಅದರಂತೆ ಒಬ್ಬರೇ ಸಹಿ ಹಾಕಿದ ಮನೆಯಲ್ಲಿ ಅವರ ಕುಟುಂಬದ ಜೊತೆಗೆ ಇನ್ನೊಬ್ಬರು ಇರಬಹುದು. ಕರಾರಿನಲ್ಲಿ ಏನೇ ಬರೆದಿದ್ದರೂ ಮಾಲೀಕರು ತಡೆಯುವಂತಿಲ್ಲ. ಆದರೆ ಒಂದು ಮಿತಿಯುಂಟು. ಸಹಿ ಹಾಕಿದವರು ಮನೆ ಬಿಟ್ಟರೆ, ಜೊತೆಗಿದ್ದವರಿಗೆ ಅಲ್ಲಿ ಉಳಿಯುವ ಹಕ್ಕಿಲ್ಲ. ಎರವಲು ತಂದ ಪತ್ತು ಕೊಟ್ಟವರ ಜೊತೆಯಲ್ಲೇ ಹೊರಟುಹೋಗುತ್ತದೆ.

ಇವೆರಡೂ ಆಗದಿದ್ದರೆ ಜಾಮೀನುದಾರರನ್ನು ಹುಡುಕಬೇಕು. ನ್ಯೂಯಾರ್ಕ್ ನಗರದಲ್ಲಿ ಬಾಡಿಗೆದಾರರ ವಾರ್ಷಿಕ ಆದಾಯ ತಿಂಗಳ ಬಾಡಿಗೆಯ 40 ಪಟ್ಟು, ಜಾಮೀನುದಾರರದು 80 ಪಟ್ಟು ಇರಬೇಕೆಂಬುದು ರೂಢಿ. ಹೆಚ್ಚು ಠೇವಣಿ ಕೊಟ್ಟು ಒಪ್ಪಿಸುವ ದಾರಿಯೂ ಹಲವು ಕಡೆ ಕಿರಿದಾಗಿದೆ. ನ್ಯೂಯಾರ್ಕ್ ರಾಜ್ಯ 2019ರಲ್ಲಿ, ಕ್ಯಾಲಿಫೋರ್ನಿಯ 2024ರಲ್ಲಿ (ಸಣ್ಣ ಮಾಲೀಕರಿಗೆ ಕೆಲವು ವಿನಾಯಿತಿಗಳೊಂದಿಗೆ) ಠೇವಣಿಯನ್ನು ಒಂದು ತಿಂಗಳ ಬಾಡಿಗೆಗೆ ಇಳಿಸಿದವು. ಬೆಂಗಳೂರಿನಲ್ಲಿ ಬಹುಕಾಲ ಹತ್ತು ತಿಂಗಳ ಮುಂಗಡ ಕೇಳುತ್ತಿದ್ದುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ಇಲ್ಲಿ ಮುಂಗಡವೇ ಮಾಲೀಕರ ಧೈರ್ಯವಾಗಿತ್ತು. ಅಲ್ಲಿ ಆ ಧೈರ್ಯವನ್ನು ಸಂಖ್ಯೆಯಿಂದ ಪಡೆಯಬೇಕು.

ಕಾನೂನಿನ ಕಣ್ಣಿಗೆ ಒಬ್ಬರೇ

ಮನೆ ಸಿಕ್ಕಿತು, ಇಬ್ಬರೂ ಸಹಿ ಹಾಕಿದರು ಎಂದಿಟ್ಟುಕೊಳ್ಳೋಣ. ಬಾಡಿಗೆ ತಿಂಗಳಿಗೆ 2000 ಡಾಲರ್. ತಲಾ 1000 ಎಂಬುದು ಅವರಿಬ್ಬರ ಒಳಗಿನ ಮಾತು. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ‘ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ’ ಎಂಬ ಸಾಲೊಂದು ಇರುತ್ತದೆ. ಅದರ ಅರ್ಥ ಸರಳ. ಒಬ್ಬರು ಕೊಡದಿದ್ದರೆ ಪೂರ್ತಿ 2000 ಡಾಲರನ್ನು ಇನ್ನೊಬ್ಬರಿಂದಲೇ ವಸೂಲು ಮಾಡಬಹುದು. ನಾನು ನನ್ನ ಪಾಲು ಕೊಟ್ಟಿದ್ದೇನೆ ಎಂಬ ಮಾತು ಮಾಲೀಕರ ಮುಂದೆ ನಡೆಯುವುದಿಲ್ಲ. ಒಬ್ಬರು ನಡುರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಹೊರಟರೆ, ಉಳಿದವರ ಒಳ್ಳೆಯ ಪತ್ತಿಗೂ ಅದೇ ಕಲೆ ಹತ್ತುತ್ತದೆ.

ಆದ್ದರಿಂದ ತಿಳಿದವರು ಎರಡನೆಯ ಕರಾರೊಂದನ್ನು ತಮ್ಮತಮ್ಮಲ್ಲೇ ಬರೆದುಕೊಳ್ಳುತ್ತಾರೆ. ಬಾಡಿಗೆಯಲ್ಲಿ ಯಾರ ಪಾಲು ಎಷ್ಟು, ಠೇವಣಿ ಯಾರದು, ವಿದ್ಯುತ್ ಬಿಲ್ಲು ಯಾರ ಹೆಸರಲ್ಲಿ, ನಡುವೆ ಬಿಟ್ಟುಹೋಗುವವರು ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನೆಲ್ಲ ಅದರಲ್ಲಿ ಕಾಣಿಸುತ್ತಾರೆ. ಅದು ಮಾಲೀಕರನ್ನು ಕಟ್ಟಿಹಾಕದು. ಆದರೆ ಜಗಳವಾದಾಗ ಹಣ ಕಳೆದುಕೊಂಡವರಿಗೆ ಒಂದು ಆಧಾರವಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಪತ್ತು ಕೆಟ್ಟವರು ಅದನ್ನು ಮೊದಲೇ ಬಾಯಿಬಿಟ್ಟು ಹೇಳುವುದು. ಅರ್ಜಿ ಹೋದ ಮೇಲೆ ಮಾಲೀಕರ ಬಾಯಿಂದ ಆ ಸುದ್ದಿ ಗೆಳೆಯರಿಗೆ ತಿಳಿದರೆ, ಮನೆಯ ಜೊತೆಗೆ ಗೆಳೆತನವೂ ಕೈತಪ್ಪಬಹುದು.

ವರದಿಯ ಕಾರಣಕ್ಕೆ ಮನೆ ನಿರಾಕರಿಸಿದರೆ ಯಾವ ಸಂಸ್ಥೆಯ ವರದಿ ಎಂಬುದನ್ನು ಮಾಲೀಕರು ತಿಳಿಸಲೇಬೇಕು ಎನ್ನುತ್ತದೆ ಅಲ್ಲಿನ ಕಾನೂನು. ಆ ವರದಿಯ ಪ್ರತಿಯನ್ನು 60 ದಿನಗಳೊಳಗೆ ಉಚಿತವಾಗಿ ಕೇಳಿ ಪಡೆಯಬಹುದು. ಬೇರೆಯವರ ಸಾಲ ತಮ್ಮ ಹೆಸರಿನಲ್ಲಿ ಸೇರಿಕೊಂಡಿದ್ದರೆ ತಕರಾರು ಸಲ್ಲಿಸಿ ಸರಿಪಡಿಸಿಕೊಳ್ಳಬಹುದು.

ಕಣಗಿನಹಾಳದ ನೆನಪು

ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಎಂಬ ತತ್ವ ಕನ್ನಡಿಗರಿಗೆ ಹೊಸದೇನಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಪತ್ತಿನ ಸಂಘ ಹುಟ್ಟಿತು. 1904ರ ಸಹಕಾರ ಕಾಯಿದೆಯಡಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗಾರಿಕೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಒಬ್ಬೊಬ್ಬರಾಗಿ ಹೋದರೆ ಸಾಹುಕಾರರ ಬಾಗಿಲೇ ಗತಿಯಾಗಿದ್ದವರು ಒಟ್ಟಾದಾಗ ಪತ್ತುಳ್ಳವರಾದರು. ಒಬ್ಬರ ಹೊಲ, ಗದ್ದೆ, ಗುಣ, ಎಲ್ಲವೂ ಇನ್ನೊಬ್ಬರಿಗೆ ಗೊತ್ತಿದ್ದುದರಿಂದಲೇ ಅಂಥ ಹೊಣೆ ಹೊರುವ ಧೈರ್ಯ ಅವರಿಗೆ ಬಂತು.

ನಮ್ಮಲ್ಲೂ ಈಗ ಕಾಲ ಬದಲಾಗಿದೆ. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಸಂಸ್ಥೆಯ 300ರಿಂದ 900ರವರೆಗಿನ ಅಂಕ, ಬ್ಯಾಂಕಿಗೆ ಹೋಗುವವರ ಮನೆಮಾತಾಗಿದೆ. ಸಂಖ್ಯೆಗೆ ಮುಖದಾಕ್ಷಿಣ್ಯವಿಲ್ಲ ಎಂಬುದು ಅದರ ಗುಣ. ಜಾತಿ, ಮನೆತನ ನೋಡಿ ನಂಬುತ್ತಿದ್ದ ಕಾಲಕ್ಕಿಂತ ಅದು ಎಷ್ಟೋ ಮೇಲೆಂದು ವಾದಿಸುವವರೂ ಇದ್ದಾರೆ. ಆದರೆ ಬಿದ್ದವರು ಯಾಕೆ ಬಿದ್ದರು, ಮತ್ತೆ ಏಳುತ್ತಿದ್ದಾರೆಯೇ ಎಂಬುದನ್ನು ಸಂಖ್ಯೆ ಹೇಳಲಾರದು. ಆ ಮಾತನ್ನು ಹೇಳಲು ಬಲ್ಲವರೊಬ್ಬರು ಬೇಕು. ಪತ್ತು ಕೆಟ್ಟ ಗೆಳೆಯನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಬರೆಯುವ ರೂಮ್‌ಮೇಟ್ ಮಾಡುವುದು ಅದನ್ನೇ. ಬರೆಯುವ ಮುನ್ನ ಆ ಸಹಿಯ ಬೆಲೆ ಎಷ್ಟೆಂದು ಇಬ್ಬರಿಗೂ ತಿಳಿದಿದ್ದರೆ ಸಾಕು.