ಎರವಲು ಚಿತ್ರ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ ಇಟಗಿ ಎಂಬ ಗ್ರಾಮವಿದೆ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಅಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ಶಾಸನವು ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಕುಷ್ಟಗಿಯ ಶಾಲೆಯೊಂದರ ಮಕ್ಕಳು ಈ ದೇವಾಲಯವನ್ನು ಕುರಿತು ಒಂದು ಜಾಲಪುಟವನ್ನು ರಚಿಸಿದರೆಂದು ಭಾವಿಸೋಣ. ಬರಹವು ಅವರದೇ, ಚಿತ್ರ ಮಾತ್ರ ಬೇರೊಂದು ಜಾಲತಾಣದ್ದು. ಕೆಲವು ತಿಂಗಳ ತರುವಾಯ ಗಂಗಾವತಿಯಲ್ಲೊಬ್ಬರು ಪುಟವನ್ನು ತೆರೆದಾಗ ಶಿಖರವಿರಬೇಕಾದ ಕಡೆ ಬರಿಯ ಚೌಕವೊಂದು ಕಾಣಿಸಿತು. ಮಕ್ಕಳು ಪುಟದ ಒಂದಕ್ಷರವನ್ನೂ ಅಳಿಸಿರಲಿಲ್ಲ!

ಇದಕ್ಕೆ ಕಾರಣವೇನು? ಮುದ್ರಿತ ಪುಸ್ತಕದಲ್ಲಿ ಚಿತ್ರವು ಹಾಳೆಯ ಮೇಲೆಯೇ ಅಚ್ಚಾಗಿರುತ್ತದೆ. ಜಾಲಪುಟದಲ್ಲಿ ಸಾಮಾನ್ಯವಾಗಿ ಇರುವುದು ಚಿತ್ರದ ವಿಳಾಸ ಮಾತ್ರ. 1993ರಲ್ಲಿ ಮಾರ್ಕ್ ಆಂಡ್ರೀಸನ್ ಎಂಬ ಅಮೆರಿಕದ ತರುಣನು ಸೂಚಿಸಿದ ಕ್ರಮವಿದು. ಓದುಗನ ಬ್ರೌಸರ್ ಆ ವಿಳಾಸವನ್ನು ಹಿಡಿದು, ಚಿತ್ರವಿರುವ ಕಂಪ್ಯೂಟರಿನಿಂದ ಅದನ್ನು ತರಿಸಿಕೊಂಡು ಪುಟದಲ್ಲಿ ಕೂಡಿಸುತ್ತದೆ. ಆ ಕಂಪ್ಯೂಟರಿನ ಒಡೆಯರು ಚಿತ್ರದ ಹೆಸರನ್ನು ಬದಲಿಸಿದರೆ ಅಥವಾ ಅದನ್ನು ತೆಗೆದುಹಾಕಿದರೆ ಬ್ರೌಸರಿಗೆ ಏನೂ ದೊರೆಯದು. ಅದೇ ಹೆಸರಿನಲ್ಲಿ ಬೇರೆ ಚಿತ್ರವನ್ನಿಟ್ಟರಂತೂ ದೇವಾಲಯದ ಬದಲು ಏನು ಕಂಡೀತೋ ಹೇಳಲಾಗದು.

ಇದರಲ್ಲಿ ನ್ಯಾಯದ ಪ್ರಶ್ನೆಯೂ ಉಂಟು. ಹೊಸ ಓದುಗರು ಬಂದಂತೆಲ್ಲ ಚಿತ್ರವನ್ನು ಕಳುಹಿಸುವ ವೆಚ್ಚವು ಅದರ ಒಡೆಯರ ಮೇಲೆ ಬೀಳುತ್ತದೆ. ನೆರೆಯವರ ಬಾವಿಗೆ ಹೇಳದೆ ಕೇಳದೆ ಕೊಳವೆಯಿಳಿಸಿ ನಮ್ಮ ತೋಟಕ್ಕೆ ನೀರು ಹಾಯಿಸಿದಂತೆ ಇದು. ಅಲ್ಲದೆ, ಯಾವ ಅಂತರಜಾಲ ವಿಳಾಸದಿಂದ ಚಿತ್ರವನ್ನು ಕೇಳಿದರೆಂಬುದು ಆ ಕಂಪ್ಯೂಟರಿಗೆ ತಿಳಿಯುತ್ತದೆ. ಓದುಗನಿಗೆ ಇದರ ಅರಿವೇ ಇರುವುದಿಲ್ಲ.

ಜಾಲತಾಣಗಳನ್ನು ಕಟ್ಟಲು ನೆರವಾಗುವ ಸಿದ್ಧ ಚೌಕಟ್ಟುಗಳನ್ನು ಫ್ರೇಮ್‌ವರ್ಕ್‌ಗಳೆನ್ನುವರು. ನೆಕ್ಸ್ಟ್ ಜೆಎಸ್ ಅಂಥದೊಂದು. ಹೊರಗಿನ ಚಿತ್ರಗಳು ಯಾವ ಯಾವ ತಾಣಗಳಿಂದ ಬರಬಹುದೆಂದು ಮೊದಲೇ ಪಟ್ಟಿಮಾಡಿರದಿದ್ದರೆ ಅದರ ಚಿತ್ರ ಸೌಲಭ್ಯವು ಅವನ್ನು ಒಪ್ಪುವುದಿಲ್ಲ. ಇದು ಒಳ್ಳೆಯ ಕಾವಲೇ ಸರಿ. ಆದರೆ ಪಟ್ಟಿಯಲ್ಲಿರುವ ತಾಣವೇ ಚಿತ್ರವನ್ನು ತೆಗೆದುಹಾಕಿದರೆ ಕಾವಲುಗಾರನೇನು ಮಾಡಿಯಾನು?

ಆದುದರಿಂದ ಮಕ್ಕಳು ಇಟಗಿಗೆ ಹೋಗಿ ತಾವೇ ಚಿತ್ರ ತೆಗೆದು ತಮ್ಮ ತಾಣದಲ್ಲಿಡುವುದು ಲೇಸು. ಅದು ಸಾಧ್ಯವಾಗದಿದ್ದರೆ, 2004ರಲ್ಲಿ ಆರಂಭವಾದ ವಿಕಿಮೀಡಿಯ ಕಾಮನ್ಸ್‌ನಂಥ ಭಂಡಾರದಿಂದ ಪ್ರತಿಯನ್ನು ಪಡೆಯಬಹುದು. ಆಗ ಚಿತ್ರಕಾರರು ವಿಧಿಸಿದ ಷರತ್ತಿನಂತೆ ಅವರ ಹೆಸರನ್ನೂ ಪರವಾನಗಿಯನ್ನೂ ಕಾಣಿಸಬೇಕು. ಚಿತ್ರದ ವಿಳಾಸದೊಡನೆ ‘ಇಟಗಿಯ ಮಹಾದೇವ ದೇವಾಲಯ’ ಎಂಬ ಬದಲಿ ಬರಹವನ್ನೂ ಸೇರಿಸಿಡಬೇಕು. ಚಿತ್ರ ಬಾರದಿದ್ದಾಗ ಈ ಮಾತುಗಳು ಅಲ್ಲಿ ಕಾಣಿಸುತ್ತವೆ. ಕಣ್ಣು ಕಾಣದವರಿಗೆ ಕಂಪ್ಯೂಟರು ಇವನ್ನೇ ಓದಿ ಹೇಳುತ್ತದೆ.