ಪ್ಲೇಹೋಂ ಬಜೆಟ್‌ನಲ್ಲಿ ಬೆಂಕಿಗೂ ಒಂದು ಪಾಲು

ಮನೆಯ ಕೆಳಗಿನ ಎರಡು ರೂಮು ಖಾಲಿ ಇವೆ. ಅಕ್ಕಪಕ್ಕದ ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ‘ಒಂದು ಪ್ಲೇಹೋಂ ಶುರು ಮಾಡಿದರೆ ಹೇಗೆ?’ ಎಂಬ ಯೋಚನೆ ನಿಮಗೂ ಬಂದಿರಬಹುದು. ಈಗಾಗಲೇ ನಡೆಸುತ್ತಲೂ ಇರಬಹುದು. ಗೋಡೆಗೆ ಬಣ್ಣದ ಚಿತ್ರ, ಪುಟ್ಟ ಜಾರುಬಂಡಿ, ಕುರ್ಚಿ, ಆಟಿಕೆ, ಹೊರಗೊಂದು ಬೋರ್ಡು ಅಂತ ಖರ್ಚಿನ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಆ ಪಟ್ಟಿಯಲ್ಲಿ ಬೆಂಕಿಯಿಂದ ರಕ್ಷಣೆಗೆ ಎಷ್ಟು ತೆಗೆದಿಟ್ಟಿದ್ದೀರಿ?

‘ಅಯ್ಯೋ, ಹದಿನೈದು ಮಕ್ಕಳಿಗೆ ಅದೆಲ್ಲಾ ಯಾಕ್ರೀ? ದೊಡ್ಡ ಸ್ಕೂಲಿನವರು ಮಾಡ್ಕೋಬೇಕು’ ಎನ್ನುವವರೇ ಹೆಚ್ಚು. ಆದರೆ ಬೆಂಕಿ ಸ್ಕೂಲು ದೊಡ್ಡದೋ ಚಿಕ್ಕದೋ ಎಂದು ನೋಡುವುದಿಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ 94 ಮಕ್ಕಳು ಸುಟ್ಟು ಸತ್ತರು. ಅಡುಗೆಮನೆಯ ಕಿಡಿ ಗರಿಯ ಚಾವಣಿಗೆ ತಗುಲಿ ತರಗತಿಗೆ ಹಬ್ಬಿತ್ತು. ಇಳಿದು ಬರಲು ಇದ್ದದ್ದು ಇಕ್ಕಟ್ಟಾದ ಮೆಟ್ಟಿಲು. ಆ ದುರಂತದ ಬಳಿಕ ಸಲ್ಲಿಕೆಯಾದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2009ರಲ್ಲಿ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಸಿಬ್ಬಂದಿಗೆ ಅದನ್ನು ಬಳಸುವ ತರಬೇತಿಯೂ ಇರಬೇಕು ಎಂದು ಹೇಳಿತು.

ಗಮನಿಸಿ, ಕುಂಭಕೋಣಂನಲ್ಲಿ ಮಕ್ಕಳ ಜೀವಕ್ಕೆ ಮುಳುವಾದದ್ದು ಒಲೆಯ ಜಾಗ, ಚಾವಣಿ ಮತ್ತು ಮೆಟ್ಟಿಲು. ಲಕ್ಷಗಟ್ಟಲೆ ಬೆಲೆಯ ಯಂತ್ರ ಇರಲಿಲ್ಲ ಎಂಬುದಲ್ಲ. ನಿಮ್ಮ ಪ್ಲೇಹೋಂಗೂ ಇದೇ ಲೆಕ್ಕ.

ದುಡ್ಡು ಬೇಡದ ಕೆಲಸ ಮೊದಲು

ನಮ್ಮ ಮನೆಗಳ ಮೆಟ್ಟಿಲ ಕೆಳಗೆ ಏನೇನಿರುತ್ತದೆ ನೋಡಿ. ಕರೆಂಟಿನ ಮೀಟರ್ ಬೋರ್ಡು, ಯುಪಿಎಸ್ ಬ್ಯಾಟರಿ, ಹಳೇ ಪೇಪರಿನ ಕಟ್ಟು, ಚಪ್ಪಲಿ ಸ್ಟ್ಯಾಂಡು. ಈಗ ಅಲ್ಲೇ ಚಾರ್ಜಿಗೆ ಹಾಕಿದ ಬ್ಯಾಟರಿ ಸ್ಕೂಟರ್ ಬೇರೆ! ಮಕ್ಕಳು ಮೇಲಿದ್ದು, ಬೆಂಕಿ ಮೆಟ್ಟಿಲ ಬುಡದಲ್ಲೇ ಹತ್ತಿಕೊಂಡರೆ ಇಳಿಯುವುದೆಲ್ಲಿಂದ? ಆದ್ದರಿಂದ ಮಕ್ಕಳನ್ನು ನೆಲಮಹಡಿಯಲ್ಲೇ ಇರಿಸಿ. ಹೊರಗೆ ಹೋಗುವ ದಾರಿಯಲ್ಲಿ ಒಂದು ಬುಟ್ಟಿಯೂ ಅಡ್ಡ ಇರದಿರಲಿ. ಸ್ಕೂಟರ್ ಚಾರ್ಜಿಂಗ್ ಕಾಂಪೌಂಡಿನ ಬಯಲಿನಲ್ಲಾಗಲಿ.

ಗೇಟಿನ ವಿಷಯ ಸ್ವಲ್ಪ ಸೂಕ್ಷ್ಮ. ಮಗು ರಸ್ತೆಗೆ ಓಡಬಾರದೆಂದು ನೀವು ಬೀಗ ಹಾಕುತ್ತೀರಿ. ಅದು ತಪ್ಪಲ್ಲ. ಆದರೆ ಬೀಗದ ಕೈ ಎಲ್ಲೋ ಇದ್ದು, ಹೊಗೆ ತುಂಬಿದಾಗ ಅದನ್ನು ಹುಡುಕುವಂತಾಗಬಾರದು. ಬೀಗದ ಬದಲು, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಗಟ್ಟಿ ಚಿಲಕ ಹಾಕಿಸಿ. ಮಗುವೂ ಓಡಲಾರದು, ನೀವೂ ಕ್ಷಣದಲ್ಲಿ ತೆರೆಯಬಹುದು.

ಅಡುಗೆ ಮಾಡುವ ಜಾಗ ಮತ್ತು ಮಕ್ಕಳ ಕೋಣೆ ನಡುವೆ ಮುಚ್ಚುವ ಬಾಗಿಲಿರಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ಹರಡುತ್ತದೆ. ಮಕ್ಕಳು ಆಡುವುದೂ ಮಲಗುವುದೂ ನೆಲದ ಮೇಲೇ ತಾನೆ? ಒಲೆ ಆರಿಸಿದ ಕೂಡಲೇ ರೆಗ್ಯುಲೇಟರನ್ನೂ ಬಂದ್ ಮಾಡಿ. ಅದಕ್ಕಿಂತ ಸುಲಭ, ಮಕ್ಕಳಿಗೆ ಮನೆಯಿಂದಲೇ ಡಬ್ಬಿ ತರಲು ಹೇಳಿ. ಒಲೆಯ ಗೊಡವೆಯೇ ಬೇಡ.

ಇಲ್ಲಿ ಮಾತ್ರ ಚೌಕಾಸಿ ಬೇಡ

* ವೈರಿಂಗ್: ಹಳೇ ಮನೆಯಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಎಂಸಿಬಿ ಜೊತೆಗೆ ಆರ್‌ಸಿಸಿಬಿಯೂ ಇದ್ದರೆ ಶಾಕ್‌ನಿಂದಲೂ ರಕ್ಷಣೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಫ್ರಿಜ್ಜು, ಹೀಟರು, ಟೀವಿ ಎಲ್ಲಾ ಸಿಕ್ಕಿಸಬೇಡಿ.

* ಬೆಂಕಿ ಆರಿಸುವ ಸಿಲಿಂಡರ್: ಐಎಸ್‌ಐ ಗುರುತಿನ ಎಬಿಸಿ ಪೌಡರ್ ಮಾದರಿಯದೇ ಕೊಳ್ಳಿ. ದೊಡ್ಡದೇ ಬೇಕೆಂದಿಲ್ಲ, ನಿಮ್ಮ ಆಯಾ ಎತ್ತಿ ಹಿಡಿಯುವಂತಿರಲಿ. ಒಲೆಯ ಪಕ್ಕದಲ್ಲಿಡದೆ ಬಾಗಿಲ ಬಳಿ ತೂಗುಹಾಕಿ. ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ.

* ಕಿಟಕಿ ಗ್ರಿಲ್: ಮಕ್ಕಳ ಕೋಣೆಯ ಒಂದು ಕಿಟಕಿಗಾದರೂ ತೆರೆಯುವ ಗ್ರಿಲ್ ಇರಲಿ. ವೆಲ್ಡರ್‌ಗೆ ಒಂದು ದಿನದ ಕೆಲಸ.

* ಹೊಗೆ ಪತ್ತೆಯ ಅಲಾರಂ: ಬ್ಯಾಟರಿಯದ್ದು ಸಾಕು. ಮಧ್ಯಾಹ್ನ ಮಕ್ಕಳು ಮಲಗುವ ಕೋಣೆಯಲ್ಲಿ ಹಾಕಿಸಿ. ಬೆಂಕಿಗಿಂತ ಮೊದಲು ಉಸಿರುಗಟ್ಟಿಸುವುದು ಹೊಗೆಯೇ. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗಲೂ ಜನರನ್ನು ಕಂಗೆಡಿಸಿದ್ದು ಹೊಗೆ.

ಹಾಗಾದರೆ ಉಳಿಸುವುದೆಲ್ಲಿ?

ಅಲಂಕಾರದಲ್ಲಿ! ಥರ್ಮೋಕೋಲ್ ಗೊಂಬೆ, ಪ್ಲಾಸ್ಟಿಕ್ ಹೂ, ಜರಿ ಕಾಗದ, ನೈಲಾನ್ ಪರದೆ ಎಲ್ಲವೂ ಬೇಗ ಹತ್ತಿಕೊಳ್ಳುವ ವಸ್ತುಗಳೇ. ಥರ್ಮೋಕೋಲ್ ಅಂತೂ ಕರಗಿ ತೊಟ್ಟಿಕ್ಕುತ್ತದೆ. ಅವನ್ನು ಬಿಟ್ಟು ಗೋಡೆಗೇ ಚಿತ್ರ ಬರೆಸಿ. ಅದು ಬಾಳಿಕೆಯೂ ಬರುತ್ತದೆ. ಉಳಿದ ದುಡ್ಡಿನಲ್ಲಿ ಸಿಲಿಂಡರ್ ಬರುತ್ತದೆ. ಎಲ್ಲವನ್ನೂ ಒಂದೇ ಸಲ ಮಾಡಲು ಆಗದಿದ್ದರೆ ದಾರಿ, ವೈರಿಂಗ್, ಸಿಲಿಂಡರ್ ಮೊದಲಿಗಿರಲಿ. ಜಾರುಬಂಡಿ ಮುಂದಿನ ವರ್ಷಕ್ಕಾಯಿತು.

ತಿಂಗಳಿಗೊಮ್ಮೆ ರೈಲಾಟ

ಮೂರು ವರ್ಷದ ಮಗುವಿಗೆ ಬೆಂಕಿ ಎಂದರೆ ಗಾಬರಿಯಾಗುತ್ತದೆ. ಕಂಡವರಿಗೆ ಸಿಗದಂತೆ ಮಂಚದ ಕೆಳಗೆ ಅಡಗಿಕೊಳ್ಳುವುದೂ ಉಂಟು. ಅದಕ್ಕೇ ಅಭ್ಯಾಸವನ್ನು ಆಟ ಮಾಡಿ. ಗಂಟೆ ಹೊಡೆದ ತಕ್ಷಣ ಎಲ್ಲರೂ ಒಬ್ಬರ ಅಂಗಿ ಒಬ್ಬರು ಹಿಡಿದು ‘ಚುಕುಬುಕು’ ಎನ್ನುತ್ತಾ ಹೊರಗಿನ ಮರದ ಬಳಿ ಬರಲಿ. ಅಲ್ಲಿ ಹಾಜರಿ ಪುಸ್ತಕ ನೋಡಿ ತಲೆ ಎಣಿಸಿ. ನಡೆಯಲಾರದ ಕೂಸುಗಳನ್ನು ಯಾರು ಎತ್ತಿಕೊಳ್ಳಬೇಕೆಂದು ಮೊದಲೇ ಹಂಚಿಕೊಳ್ಳಿ. ಒಬ್ಬ ಆಯಾ ಎಷ್ಟು ಮಕ್ಕಳನ್ನು ಎತ್ತಬಲ್ಲಳು? ಆ ಲೆಕ್ಕ ಹಾಕಿಯೇ ಕೂಸುಗಳನ್ನು ಸೇರಿಸಿಕೊಳ್ಳಿ. ಫೀಸಿನ ಆಸೆಗೆ ಅದನ್ನು ಮೀರಬೇಡಿ.

ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಸಲಹೆ ಕೇಳಲು ಸಂಕೋಚ ಬೇಡ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರಲ್ಲಿ ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗೆ ಇದನ್ನು ಆಚರಿಸುತ್ತಾರೆ. ನಿಮ್ಮಲ್ಲೂ ಒಂದು ಪ್ರಾತ್ಯಕ್ಷಿಕೆ ಕೊಡುವಿರಾ ಎಂದು ಆಗ ಕೇಳಿ ನೋಡಿ. ಯಾವ ಪರವಾನಗಿ ಬೇಕೆಂಬುದನ್ನೂ ಠಾಣೆಯಲ್ಲಿ, ಪಾಲಿಕೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ.

ಮಗುವನ್ನು ಕಳಿಸುವ ಅಮ್ಮಂದಿರೇ, ಸೇರಿಸುವ ಮೊದಲು ಆಟಿಕೆಗಳನ್ನಷ್ಟೇ ನೋಡಬೇಡಿ. ‘ಹಿಂದಿನ ಬಾಗಿಲು ತೆರೆದು ತೋರಿಸ್ತೀರಾ?’ ಅಂತ ಕೇಳಿ. ಮೂವತ್ತು ಸೆಕೆಂಡಿನಲ್ಲಿ ತೆರೆಯದಿದ್ದರೆ ಬೇರೆ ಕಡೆ ವಿಚಾರಿಸಿ.

ಇವು ನೆನಪಿರಲಿ

* ಬೆಂಕಿ ಕಂಡರೆ ಮೊದಲು ಮಕ್ಕಳು ಹೊರಗೆ, ಆಮೇಲೆ ಉಳಿದದ್ದು. ಸಿಲಿಂಡರ್ ಬಳಸುವುದು ಸಣ್ಣ ಬೆಂಕಿಗೆ ಮಾತ್ರ.
* ಹೊಗೆಯಿದ್ದರೆ ಬಗ್ಗಿ, ತೆವಳಿ ಹೊರಬನ್ನಿ.
* ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಕಿಟಕಿ-ಬಾಗಿಲು ತೆರೆಯಿರಿ, ಹೊರಗೆ ಬಂದು 1906ಕ್ಕೆ ಕರೆ ಮಾಡಿ.
* ಅಗ್ನಿಶಾಮಕಕ್ಕೆ 101 ಅಥವಾ 112. ಫೋನಿನ ಪಕ್ಕದ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಕೆಳಗೆ ನಿಮ್ಮ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಆಯಾಗೆ ಅಡ್ಡರಸ್ತೆಯ ನಂಬರು ಮರೆತುಹೋಗಬಹುದು.