ಉಕ್ಕಿನ ಕಟ್ಟಡಕ್ಕೂ ಬೇಕು ಶಾಕ್ ಅಬ್ಸಾರ್ಬರ್!

‘ಸ್ಟೀಲ್ ಬಿಲ್ಡಿಂಗ್ ಅಲ್ವಾ, ಭೂಕಂಪ ಬಂದ್ರೂ ಏನಾಗಲ್ಲ ಬಿಡಿ.’ ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದು ನಿಲ್ಲುತ್ತಿರುವ ಆಫೀಸ್ ಕಟ್ಟಡಗಳನ್ನು ನೋಡಿ ಗೆಳೆಯರು ಹೀಗೆ ಹೇಳುತ್ತಿರುತ್ತಾರೆ. ಸ್ಟ್ರಕ್ಚರಲ್ ಎಂಜಿನಿಯರ್ ಆದ ನನಗೆ ಈ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತೆ.

ಉಕ್ಕು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ, ನಿಜ. ಆದರೆ 1994ರ ಜನವರಿ 17ರಂದು ಅಮೆರಿಕದ ಲಾಸ್ ಏಂಜಲಿಸ್ ಬಳಿ ನಾರ್ತ್‌ರಿಡ್ಜ್ ಭೂಕಂಪವಾದಾಗ, ನೂರಕ್ಕೂ ಹೆಚ್ಚು ಉಕ್ಕಿನ ಕಟ್ಟಡಗಳಲ್ಲಿ ಕಂಬ ಮತ್ತು ತೊಲೆ ಸೇರುವ ಜಾಗದಲ್ಲೇ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ಎಷ್ಟೋ ಕಡೆ ಹೊದಿಕೆ ಬಿಚ್ಚಿ ನೋಡಿದ ಮೇಲೆಯೇ ಅದು ಗೊತ್ತಾಗಿದ್ದು.

ಉಯ್ಯಾಲೆಗೆ ಕಾಲಡ್ಡ

ಉಯ್ಯಾಲೆಯನ್ನು ತಾಳಕ್ಕೆ ಸರಿಯಾಗಿ ತಳ್ಳುತ್ತಾ ಹೋದರೆ ಜೀಕು ಹೆಚ್ಚುತ್ತಲೇ ಹೋಗುತ್ತೆ. ಭೂಮಿ ನಡುಗುವ ಲಯವೂ ಕಟ್ಟಡ ತೂಗುವ ಲಯವೂ ಒಂದಾದರೆ ಆಗುವುದೂ ಅದೇ. ನಿಲ್ಲಿಸೋಕೆ ಏನ್ಮಾಡ್ತೀವಿ? ಕಾಲನ್ನು ನೆಲಕ್ಕೆ ಉಜ್ಜುತ್ತೀವಿ. ಡ್ಯಾಂಪರ್ ಅಂದರೆ ಕಟ್ಟಡಕ್ಕೆ ಅಂಥದ್ದೊಂದು ಕಾಲು.

ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ನಿಮ್ಮ ಬೈಕಿನ ಶಾಕ್ ಅಬ್ಸಾರ್ಬರ್‌ನಂತೆ ಸಿಲಿಂಡರ್ ಒಳಗಿನ ದ್ರವ ಸಣ್ಣ ರಂಧ್ರಗಳಲ್ಲಿ ನುಗ್ಗಿ ಬಿಸಿಯಾಗುವುದು. ಎರಡು, ಬೋಲ್ಟ್ ಬಿಗಿದ ಉಕ್ಕಿನ ತಟ್ಟೆಗಳು ಒಂದಕ್ಕೊಂದು ಉಜ್ಜುವುದು. ಮೂರು, ಬೇಕೆಂದೇ ಇಟ್ಟ ಉಕ್ಕಿನ ತುಂಡು ತಾನು ಬಾಗಿ, ಕಂಬ–ತೊಲೆಯನ್ನು ಉಳಿಸುವುದು. ಮನೆಯ ಫ್ಯೂಸ್ ಇದ್ದ ಹಾಗೆ: ಹೋದರೆ ಬೇರೆ ಹಾಕಿದರಾಯಿತು. ಮೂರರಲ್ಲೂ ಅಲುಗಾಟದ ಶಕ್ತಿ ಶಾಖವಾಗಿ ಕರಗುತ್ತದೆ.

ಸಾಮಾನ್ಯವಾಗಿ ಇವನ್ನು ಎರಡು ಮಹಡಿಗಳ ನಡುವೆ ಓರೆಯಾಗಿ ಕೂರಿಸುತ್ತಾರೆ. ಈಗಾಗಲೇ ಇರುವ ಕಟ್ಟಡಕ್ಕೂ ಹೀಗೆ ಸೇರಿಸಬಹುದು. ಮೆಕ್ಸಿಕೊ ಸಿಟಿಯ 55 ಮಹಡಿಗಳ ಟೊರ್ರೆ ಮೇಯರ್ ಕಟ್ಟಡದಲ್ಲಿ ದ್ರವದ ಡ್ಯಾಂಪರ್‌ಗಳಿವೆ. 2003ರ ಜನವರಿಯ ಭಾರಿ ಭೂಕಂಪದಲ್ಲಿ ಅದಕ್ಕೆ ಹಾನಿಯಾಗಲಿಲ್ಲ.

ಬೆಂಗಳೂರಿಗೆ ಯಾಕೆ?

ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲಿ ನಮ್ಮೂರು ಎರಡನೇ ವಲಯದಲ್ಲಿದೆ, ಅಂದರೆ ಅಪಾಯ ಕಡಿಮೆ. ಬೆಳಗಾವಿ, ಧಾರವಾಡ, ಕಾರವಾರ, ಮಂಗಳೂರು ಮೂರನೇ ವಲಯದಲ್ಲಿವೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. 2021ರ ಡಿಸೆಂಬರ್‌ನಲ್ಲಿ ಯಲಹಂಕದ ಆಚೆಯ ಚಿಕ್ಕಬಳ್ಳಾಪುರದಲ್ಲೇ ಭೂಮಿ ಸಣ್ಣಗೆ ಕಂಪಿಸಿತ್ತು. 2012ರ ಏಪ್ರಿಲ್ 11ರಂದು ದೂರದ ಸುಮಾತ್ರಾ ಬಳಿ ಸಮುದ್ರದಲ್ಲಿ ಆದ ಭೂಕಂಪಕ್ಕೆ ಬೆಂಗಳೂರಿನ ಆಫೀಸುಗಳಿಂದ ಜನ ಹೊರಗೆ ಓಡಿ ಬಂದಿದ್ದರು. ದೂರದಿಂದ ಬರುವ ನಿಧಾನದ ಅಲೆಗಳು ಎತ್ತರದ ಕಟ್ಟಡಗಳನ್ನೇ ಹೆಚ್ಚು ತೂಗಿಸುತ್ತವೆ.

ಕಾಲ ಕೆಳಗಿನ ಮಣ್ಣೂ ಮುಖ್ಯ. ಮುಚ್ಚಿದ ಕೆರೆಯಂಗಳದ ಮೆತ್ತನೆ ಮಣ್ಣು ಕಂಪನವನ್ನು ಹೆಚ್ಚಿಸಬಲ್ಲದು. ನಗರದ ಮಣ್ಣು ಎಲ್ಲಿ ಹೇಗೆ ವರ್ತಿಸೀತು ಎಂದು ಐಐಎಸ್‌ಸಿಯ ಸಿವಿಲ್ ವಿಭಾಗದವರು ಅಧ್ಯಯನ ಮಾಡಿದ್ದಾರೆ. ಅದರ ಪಕ್ಕದಲ್ಲೇ, ಸಿ.ವಿ. ರಾಮನ್ ರಸ್ತೆಯ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಭೂಕಂಪದಂತೆ ಎಲ್ಲ ದಿಕ್ಕಿಗೂ ಅಲುಗಿಸುವ ಪರೀಕ್ಷಾ ವೇದಿಕೆಯಿದೆ. ಯಶವಂತಪುರದಿಂದ ಮೇಖ್ರಿ ಸರ್ಕಲ್‌ಗೆ ದಿನಾ ಓಡಾಡುವ ಎಷ್ಟು ಮಂದಿಗೆ ಇದು ಗೊತ್ತು?

ಹಾಗಾದ್ರೆ ಎಲ್ಲರಿಗೂ ಬೇಕಾ?

ಬೇಡ. ಭೂಕಂಪದ ಮರುಗಳಿಗೆಯಲ್ಲೇ ಕೆಲಸ ಮಾಡಬೇಕಾದ ಆಸ್ಪತ್ರೆ, ಕಂಟ್ರೋಲ್ ರೂಮ್, ತುಂಬ ಎತ್ತರದ ಕಟ್ಟಡಗಳು ಮೊದಲು ಯೋಚಿಸಲಿ. ಆರ್.ಟಿ. ನಗರದ ಗಲ್ಲಿಯ ನಾಲ್ಕು ಮಹಡಿಯ ಅಪಾರ್ಟ್‌ಮೆಂಟಿಗೆ ಬೇಕಾದದ್ದು ಗಟ್ಟಿಯಾದ ನೆಲಮಹಡಿ. 2001ರ ಭುಜ್ ಭೂಕಂಪದಲ್ಲಿ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ ಬರೀ ಕಂಬಗಳ ಮೇಲೆ ನಿಂತು, ಕೆಳಗೆ ಪಾರ್ಕಿಂಗ್ ಬಿಟ್ಟಿದ್ದ ಕಟ್ಟಡಗಳು ಬಹಳ.

ಫ್ಲ್ಯಾಟ್‌ಗೆ ಅಡ್ವಾನ್ಸ್ ಕೊಡುವ ಮುನ್ನ ಬಿಲ್ಡರ್‌ಗೆ ಮೂರು ಪ್ರಶ್ನೆ ಕೇಳಿ: ಮಣ್ಣು ಪರೀಕ್ಷೆಯ ವರದಿ ಎಲ್ಲಿ? ಭೂಕಂಪ ಸಂಹಿತೆಯಂತೆ ವಿನ್ಯಾಸ ಮಾಡಿ ಸಹಿ ಹಾಕಿದ ಎಂಜಿನಿಯರ್ ಯಾರು? ಪಾರ್ಕಿಂಗ್ ಮಹಡಿಗೆ ಏನು ಬಲ ಕೊಟ್ಟಿದ್ದೀರಿ? ಜಿಮ್, ಸ್ವಿಮ್ಮಿಂಗ್ ಪೂಲ್ ವಿಚಾರ ಆಮೇಲೆ ಮಾತಾಡಬಹುದು.